ಬರೆ ಎಳೆದು ಬರೆದ ಚಿತ್ರಗಳು

ಕನ್ನಡದಲ್ಲಿ ‘ಬರೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅಕ್ಷರ ಮೂಡಿಸುವುದೂ ಬರೆಯುವುದೇ; ಕಾದ ಕಬ್ಬಿಣದಿಂದ ಮೈಮೇಲೆ ಸುಟ್ಟ ಗೆರೆಯೂ ಬರೆಯೇ. ಹುಲಿಯನ್ನು ನೋಡಿ ನರಿ ಹಾಕಿಕೊಂಡದ್ದು ಈ ಎರಡನೆಯ ಬರೆಯನ್ನು. ಸಿನಿಮಾ ತುಂಬಿದ ತಟ್ಟೆಯ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿನಲ್ಲಿಯೇ ತೆಗೆದುಕೊಳ್ಳುವ ಕೆಲಸ ಬಂದಾಗ ಇಂಗ್ಲಿಷು ಮಾತಾಡುವವರು ಅದನ್ನು ‘ಸುಡುವುದು’ ಎಂದು ಕರೆದರು. ನಮ್ಮ ಊರುಗಳಲ್ಲಿ ಹುಡುಗರು ‘ಸೀಡಿ ರೈಟ್ ಮಾಡೋದು’ ಎಂದೇ ಹೇಳಿದರು. ಆ ಕೆಲಸ ಮಾಡುವ ಪೆಟ್ಟಿಗೆಗೆ ‘ರೈಟರು’ ಎಂಬ ಹೆಸರು ನಿಂತಿತು. ಲೇಸರ್ ಕಿರಣದಿಂದ ಬಣ್ಣದ ಲೇಪವೊಂದನ್ನು ಸುಟ್ಟು, ಆ ಸುಟ್ಟ ಗುರುತುಗಳಲ್ಲಿಯೇ ಚಿತ್ರವನ್ನೂ ಧ್ವನಿಯನ್ನೂ ಬರೆದಿಡುವ ಈ ವಿದ್ಯೆಗೆ ಕನ್ನಡದ ಒಂದೇ ಮಾತು ಎರಡು ಕಡೆಯಿಂದಲೂ ಒಪ್ಪುತ್ತದೆ. ಹೆಸರಿಡುವ ಭಾಗ್ಯ ನಮಗೆ ಬರಲಿಲ್ಲ, ಅಷ್ಟೆ.

ಈ ವಿದ್ಯೆ ಹುಟ್ಟಿ, ಮನೆಮನೆಗೂ ಹಬ್ಬಿ, ಮತ್ತೆ ಮರೆಯಾದುದೆಲ್ಲ ಒಂದು ತಲೆಮಾರಿನ ಕಾಲದೊಳಗೆ. ನಾನು ಅದರ ನಡುವೆ ಬಾಳಿದವನು. ನೂರಾರು ತಟ್ಟೆಗಳನ್ನು ಕೈಯಾರೆ ಬರೆದವನು. ಇದನ್ನು ಕಳ್ಳತನದ ಚರಿತ್ರೆಯೆಂದು ಬರೆದವರು ಬಹಳ ಮಂದಿ ಇದ್ದಾರೆ. ಕಳ್ಳತನ ಅದರಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಕಣ್ಣಿಗೆ ಇದು ಮುಖ್ಯವಾಗಿ ಒಂದು ಬೀಗದ ಚರಿತ್ರೆ. ಆ ಬೀಗ ಯಾರನ್ನು ಹೊರಗಿಟ್ಟಿತು, ಯಾರನ್ನು ಹೊರಗಿಡಲಾರದೆ ಹೋಯಿತು ಎಂಬುದರ ಚರಿತ್ರೆ.

ಮೊದಲು ತಟ್ಟೆಯ ಮಾತು. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳು ಸಂಗೀತದ ಸೀಡಿಯನ್ನು ಪೇಟೆಗೆ ತಂದವು. ಅದರ ಮೈಮೇಲೆ ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೆರೆ. ಸುರುಳಿ ಬಿಡಿಸಿ ನೇರವಾಗಿ ಎಳೆದರೆ ಸುಮಾರು ಐದು ಕಿಲೋಮೀಟರು ಉದ್ದ. ಆ ಗೆರೆಯುದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು. ಈ ಗುಳಿಗಳನ್ನು ಕಾರ್ಖಾನೆಯಲ್ಲಿ ಅಚ್ಚಿನಿಂದ ಒತ್ತುತ್ತಿದ್ದರು. ಆದುದರಿಂದ ತಟ್ಟೆಯನ್ನು ಕೇಳುವುದಷ್ಟೇ ಮನೆಯವನ ಪಾಲು. ಮಾಡುವುದು ಕಾರ್ಖಾನೆಯ ಪಾಲು. ಈ ಪಾಲುಪಟ್ಟಿ ಕೆಲವು ವರ್ಷ ಹಾಗೆಯೇ ನಡೆಯಿತು. 1988ರಲ್ಲಿ ಜಪಾನಿನ ತೈಯೊ ಯೂಡೆನ್ ಎಂಬ ಕಂಪೆನಿ ಗುಳಿಗೆ ಬದಲಾಗಿ ಬಣ್ಣದ ಲೇಪವಿರುವ ತಟ್ಟೆಯನ್ನು ಮಾಡಿ ತೋರಿಸಿತು. ಲೇಸರ್ ಕಿರಣ ತಗುಲಿದಲ್ಲಿ ಬಣ್ಣ ಸುಟ್ಟು, ಬೆಳಕನ್ನು ಮೊದಲಿನಂತೆ ಹಿಂದಕ್ಕೆ ಕಳುಹಿಸುವುದಿಲ್ಲ. ಓದುವ ಯಂತ್ರ ಅದನ್ನೇ ಗುಳಿಯೆಂದು ನಂಬಿಬಿಡುತ್ತದೆ. ನರಿಯ ಬರೆಯನ್ನು ನೋಡಿ ಹುಲಿಯೆಂದು ನಂಬುವವರು ದೊರೆತರೆ ನರಿಗೆ ಇನ್ನೇನು ಬೇಕು?

ಮೊದಮೊದಲು ಬರೆಯುವ ಯಂತ್ರದ ಬೆಲೆ ಹತ್ತು ಸಾವಿರ ಡಾಲರಿಗೂ ಮೇಲಿತ್ತು. 1995ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ ಯಂತ್ರವೊಂದು ಸಾವಿರ ಡಾಲರಿನೊಳಗೆ ಇಳಿಯಿತು. ಅಲ್ಲಿಂದ ಮುಂದೆ ಬೆಲೆ ಮೆಟ್ಟಿಲಿಳಿಯುತ್ತ ಬಂದು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ನಮ್ಮಂಥವರೂ ಚೌಕಾಸಿ ಮಾಡಿ ಕೊಳ್ಳುವಷ್ಟಾಯಿತು. ನಾನು ಒಂದು ರೈಟರನ್ನೂ, ಹಪ್ಪಳದ ಕಟ್ಟಿನಂತೆ ಒಂದರ ಮೇಲೊಂದು ಜೋಡಿಸಿದ ಐವತ್ತು ಖಾಲಿ ಸೀಡಿಗಳನ್ನೂ ಕೊಂಡುತಂದದ್ದು ಆಗಲೇ.

ಇಂದು ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಆದರೆ ಆಗ ಒಂದು ತಟ್ಟೆ ಬರೆಯುವುದೆಂದರೆ ವ್ರತವಿದ್ದಂತೆ. ಲೇಸರ್ ಒಮ್ಮೆ ಹೊರಟರೆ ನಿಲ್ಲುವಂತಿಲ್ಲ. ಕಂಪ್ಯೂಟರು ಅದಕ್ಕೆ ಎಡೆಬಿಡದೆ ಮಾಹಿತಿಯನ್ನು ಉಣಿಸುತ್ತಿರಬೇಕು. ಕ್ಷಣಕಾಲ ತಡವಾದರೂ ಗೆರೆ ತುಂಡಾಗಿ ತಟ್ಟೆ ಹಾಳು. ಆದುದರಿಂದ ಬರೆಯುವಾಗ ಯಾರೂ ಕಂಪ್ಯೂಟರನ್ನು ಮುಟ್ಟಕೂಡದು, ಇನ್ನೊಂದು ಕೆಲಸ ಕೊಡಕೂಡದು ಎಂದು ಮನೆಯಲ್ಲಿ ಕಟ್ಟುಮಾಡಿದ್ದೆ. ನನ್ನ ಕಟ್ಟಳೆಯನ್ನು ಮನೆಯವರು ಪಾಲಿಸಿದರು, ವಿದ್ಯುತ್ತು ಪಾಲಿಸಲಿಲ್ಲ. ನಡುವೆ ಕರೆಂಟು ಹೋಗಿ ಕೆಟ್ಟ ತಟ್ಟೆಗಳನ್ನು ನನ್ನ ಹೆಂಡತಿ ಕುಂಡಗಳ ಕೆಳಗೆ ಇಡುತ್ತಿದ್ದಳು. 2000ದಲ್ಲಿ ಸ್ಯಾನ್ಯೊ ಕಂಪೆನಿಯವರು, ಮಾಹಿತಿ ತಡವಾದರೆ ಲೇಸರನ್ನು ನಿಲ್ಲಿಸಿ, ಬಿಟ್ಟ ಜಾಗದಿಂದಲೇ ಮತ್ತೆ ಗೆರೆ ಕೂಡಿಸುವ ಉಪಾಯವನ್ನು ಬಳಕೆಗೆ ತಂದರು. ಅಂಥ ಯಂತ್ರ ನಮ್ಮ ಮನೆಗೆ ಬರುವಷ್ಟರಲ್ಲಿ ಕುಂಡಗಳಿಗೆಲ್ಲ ತಟ್ಟೆಗಳು ಒದಗಿಯಾಗಿದ್ದವು.

ಸಿನಿಮಾ ಈ ತಟ್ಟೆಗೆ ಬಂದುದು 1993ರಲ್ಲಿ ರೂಪುಗೊಂಡ ವೀಸೀಡಿಯ ಮೂಲಕ. ಅಮೆರಿಕದವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲವೆನ್ನಬಹುದು. ಚೀನ, ಹಾಂಗ್‌ಕಾಂಗ್, ಮಲೇಷ್ಯಾ ಮತ್ತು ನಮ್ಮ ದೇಶ ಅದನ್ನು ಎರಡು ಕೈಗಳಿಂದ ಅಪ್ಪಿಕೊಂಡವು. ಒಂದು ತಟ್ಟೆಯಲ್ಲಿ 74 ನಿಮಿಷಗಳ ಚಿತ್ರ ಹಿಡಿಯುತ್ತಿತ್ತು. ಕನ್ನಡದ ಚಿತ್ರವೊಂದಕ್ಕೆ ಎರಡು, ಕೆಲವಕ್ಕೆ ಮೂರು ತಟ್ಟೆಗಳು ಬೇಕು. ಹಾಡಿನ ಪಲ್ಲವಿಗೇ ಮೊದಲನೆಯ ತಟ್ಟೆ ಮುಗಿದು, ಎದ್ದುಹೋಗಿ ಎರಡನೆಯದನ್ನು ಹಾಕುವಷ್ಟರಲ್ಲಿ ನಾಯಕಿ ಕಾದಿರುತ್ತಿದ್ದಳು. ಚಿತ್ರದ ಗುಣ ಸಾಧಾರಣ. ಮಳೆ ಬಂದರೆ, ಜಾತ್ರೆಯ ಗುಂಪು ಬಂದರೆ ಪರದೆಯೆಲ್ಲ ಚೌಕಚೌಕವಾಗಿ ಒಡೆದು ಕೌದಿಯಂತೆ ಕಾಣುತ್ತಿತ್ತು. ಆದರೆ ವೀಸೀಡಿಗೆ ಬೀಗವೇ ಇರಲಿಲ್ಲ. ತಟ್ಟೆಯಿಂದ ಕಡತವನ್ನು ಕಂಪ್ಯೂಟರಿಗೆ ಎಳೆದುಕೊಂಡು ಖಾಲಿ ಸೀಡಿಗೆ ಬರೆದರೆ ಮುಗಿಯಿತು. ನಮ್ಮ ನಾಡಿನ ಮನೆಗಳಲ್ಲಿ ಪ್ರತಿಮಾಡುವ ಅಭ್ಯಾಸ ಹುಟ್ಟಿದ್ದು ಈ ಬೀಗವಿಲ್ಲದ ತಟ್ಟೆಯಿಂದ.

ಬೀಗ ಬಂದುದು ಡಿ.ವಿ.ಡಿ.ಯೊಡನೆ. ಎರಡು ಬಣಗಳಾಗಿ ಬಡಿದಾಡುತ್ತಿದ್ದ ಕಂಪೆನಿಗಳು 1995ರಲ್ಲಿ ರಾಜಿಯಾಗಿ ಒಂದೇ ಬಗೆಯ ತಟ್ಟೆಗೆ ಒಪ್ಪಿದವು. 1996ರ ನವೆಂಬರಿನಲ್ಲಿ ಜಪಾನಿನಲ್ಲಿಯೂ, ಮರುವರ್ಷ ಅಮೆರಿಕದಲ್ಲಿಯೂ ಅದು ಮಾರಾಟಕ್ಕೆ ಬಂತು. ಗಾತ್ರದಲ್ಲಿ ಸೀಡಿಯಷ್ಟೇ, ಆದರೆ ಗೆರೆ ಇನ್ನೂ ಒತ್ತಾಗಿ, ಒಂದು ಪದರದಲ್ಲಿಯೇ 4.7 ಗಿಗಾಬೈಟು ಹಿಡಿಯುತ್ತಿತ್ತು. ಚಿತ್ರ ಥಳಥಳಿಸುತ್ತಿತ್ತು. ಇಷ್ಟು ಚೆನ್ನಾದ ಚಿತ್ರವನ್ನು ಜನರ ಕೈಗೆ ಕೊಡುವುದಕ್ಕೆ ಹಾಲಿವುಡ್ಡಿನ ಒಡೆಯರು ಹೆದರಿದರು. ಹಿಂದೆ ವೀಡಿಯೊ ಟೇಪಿನ ಯಂತ್ರ ಬಂದಾಗಲೂ ಅವರು ಹೀಗೆಯೇ ಹೆದರಿ ನ್ಯಾಯಾಲಯಕ್ಕೆ ಹೋಗಿದ್ದರು. ಮನೆಯಲ್ಲಿ ಟೆಲಿವಿಷನ್ ಕಾರ್ಯಕ್ರಮವನ್ನು ಟೇಪಿನಲ್ಲಿ ಹಿಡಿದಿಟ್ಟು ಬೇರೊಂದು ವೇಳೆಯಲ್ಲಿ ನೋಡುವುದು ತಪ್ಪಲ್ಲವೆಂದು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐವರಿಗೆ ನಾಲ್ವರ ಬಹುಮತದಿಂದ ಹೇಳಿತ್ತು. ಅನಂತರ ಅದೇ ಟೇಪುಗಳನ್ನು ಮಾರಿ ಅವರೇ ಹಣ ಮಾಡಿದರು. ಆದರೂ ಈ ಸಲ ನ್ಯಾಯಾಧೀಶರ ಒಂದು ಮತವನ್ನು ನೆಚ್ಚಿಕೊಳ್ಳಲು ಅವರು ಸಿದ್ಧರಿರಲಿಲ್ಲ. ತಟ್ಟೆಗೇ ಬೀಗ ಹಾಕಿಸಿದರು.

ಆ ಬೀಗಕ್ಕೆ ಸಿ.ಎಸ್.ಎಸ್. ಎಂದು ಹೆಸರು. ಚಿತ್ರವನ್ನು ಅರ್ಥವಾಗದಂತೆ ಕಲಸಿ ತಟ್ಟೆಯಲ್ಲಿ ಇಡುವುದು. ಅದನ್ನು ಬಿಡಿಸುವ ಬೀಗದ ಕೈಯನ್ನೂ ಅದೇ ತಟ್ಟೆಯ ಒಳ ಅಂಚಿನಲ್ಲಿ, ಇನ್ನೊಂದು ಸುತ್ತು ಬೀಗ ಹಾಕಿ ಬಚ್ಚಿಡುವುದು. ಈ ಎರಡನೆಯ ಬೀಗಕ್ಕೆ ನಾನೂರಕ್ಕೂ ಹೆಚ್ಚು ಕೈಗಳು. ಡಿ.ವಿ.ಡಿ. ನುಡಿಸುವ ಯಂತ್ರ ಮಾಡುವ ಕಂಪೆನಿಗಳು ಕರಾರಿಗೆ ಸಹಿ ಹಾಕಿ, ಹಣ ತೆತ್ತು, ಅವುಗಳಲ್ಲಿ ಒಂದನ್ನು ಪಡೆಯಬೇಕು. ಖಾಲಿ ತಟ್ಟೆಗಳಲ್ಲಿ ಈ ಒಳ ಅಂಚನ್ನು ಕಾರ್ಖಾನೆಯಲ್ಲಿಯೇ ಬರೆಯಲು ಬಾರದಂತೆ ಕೆಡಿಸಿಟ್ಟಿರುತ್ತಿದ್ದರು. ಹೀಗಾಗಿ ಮನೆಯವನು ಡಿ.ವಿ.ಡಿ.ಯನ್ನು ಇದ್ದಕ್ಕಿದ್ದಂತೆ ಪ್ರತಿಮಾಡಿದರೆ ಬೀಗ ಬರುತ್ತಿತ್ತು, ಬೀಗದ ಕೈ ಬರುತ್ತಿರಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಅಚ್ಚೊತ್ತುವ ಕಾರ್ಖಾನೆಯನ್ನೇ ಇಟ್ಟುಕೊಂಡ ದೊಡ್ಡ ಕಳ್ಳನಿಗೆ ಈ ಬೀಗ ಅಡ್ಡಿಯೇ ಅಲ್ಲ. ಅವನು ಬೀಗವನ್ನು ತೆರೆಯಬೇಕಾಗಿಯೇ ಇಲ್ಲ. ಒಳ ಅಂಚನ್ನೂ ಸೇರಿಸಿ ತಟ್ಟೆಯನ್ನು ಇದ್ದಂತೆಯೇ ಒತ್ತಿದರೆ ಬೀಗವೂ ಕೈಯೂ ಎರಡೂ ಅವನ ಪ್ರತಿಯಲ್ಲಿ ಬಂದುಬಿಡುತ್ತವೆ. ದಿನಕ್ಕೆ ಸಾವಿರಾರು ತಟ್ಟೆ ಒತ್ತುವವನು ಹೀಗೆ ಹೊರಗುಳಿದ. ಸಿಕ್ಕಿಬಿದ್ದವನು ಯಾರೆಂದರೆ, ಮಗು ಗೀಚಿ ಹಾಳುಮಾಡೀತೆಂದು ತಾನು ಕೊಂಡ ತಟ್ಟೆಗೆ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಹೊರಟ ಗೃಹಸ್ಥ.

ಬೀಗದ ಜೊತೆಗೆ ಒಂದು ಗಡಿರೇಖೆಯೂ ಬಂತು. ಪ್ರಪಂಚವನ್ನು ವಲಯಗಳಾಗಿ ಹಂಚಿ, ಅಮೆರಿಕ ಒಂದನೆಯದು, ಜಪಾನು ಮತ್ತು ಪಶ್ಚಿಮ ಯೂರೋಪು ಎರಡನೆಯದು, ಭಾರತವೂ ರಷ್ಯವೂ ಆಫ್ರಿಕದ ಬಹುಭಾಗವೂ ಐದನೆಯದು ಎಂದು ಗೊತ್ತುಮಾಡಿದರು. ಒಂದು ವಲಯದ ತಟ್ಟೆ ಇನ್ನೊಂದರ ಯಂತ್ರದಲ್ಲಿ ನಡೆಯದು. ಅಮೆರಿಕದಲ್ಲಿದ್ದ ನನ್ನ ಅಣ್ಣನ ಮಗ ರಜಕ್ಕೆ ಬರುವಾಗ ಪ್ರೀತಿಯಿಂದ ಎಂಟು ಹತ್ತು ಇಂಗ್ಲಿಷ್ ಚಿತ್ರಗಳನ್ನು ತಂದುಕೊಟ್ಟ. “ಚಿಕ್ಕಪ್ಪ, ಎಲ್ಲಾ ಅಂಗಡಿಯಲ್ಲಿ ಕೊಂಡದ್ದು, ಒಂದೂ ನಕಲಿಯಲ್ಲ” ಎಂದು ಹೆಮ್ಮೆಯಿಂದ ಹೇಳಿದ. ನಮ್ಮ ಮನೆಯ ಯಂತ್ರ ಅವುಗಳಲ್ಲಿ ಒಂದನ್ನೂ ಮೂಸಿ ನೋಡಲಿಲ್ಲ. ಅದೇ ಯಂತ್ರ ಫುಟ್‌ಪಾತಿನ ಮೂವತ್ತು ರೂಪಾಯಿಯ ನಕಲಿಯನ್ನು ಮರುಮಾತಿಲ್ಲದೆ ತೋರಿಸುತ್ತಿತ್ತು. ಹಣ ಕೊಟ್ಟವನಿಗೆ ಬಾಗಿಲು ಮುಚ್ಚಿ, ಕೊಡದವನಿಗೆ ತೆರೆದಿಡುವ ಈ ಏರ್ಪಾಡನ್ನು ಕಂಡಾಗ ನನಗೆ ನಗು ಬಂತೇ ಕೋಪ ಬಂತೇ ಎಂಬುದು ಈಗ ನೆನಪಿಲ್ಲ.

ಈ ಬೀಗ ಒಡೆದುದು ನಾರ್ವೆ ದೇಶದಲ್ಲಿ. ಯಾನ್ ಲೆಕ್ ಯೊಹಾನ್ಸನ್ ಎಂಬ ಹುಡುಗನಿಗೆ ಆಗ ಹದಿನೈದು ವರ್ಷ. ಅವನ ಬಳಿ ಕೊಂಡ ಡಿ.ವಿ.ಡಿ.ಗಳಿದ್ದವು, ಕಂಪ್ಯೂಟರಿತ್ತು. ಆದರೆ ಲಿನಕ್ಸ್ ಎಂಬ, ಎಲ್ಲರೂ ಸೇರಿ ಕಟ್ಟಿ ಎಲ್ಲರಿಗೂ ಬಿಟ್ಟಿಯಾಗಿ ಕೊಡುವ ವ್ಯವಸ್ಥೆಯಲ್ಲಿ ಆ ತಟ್ಟೆಗಳನ್ನು ನೋಡುವಂತಿರಲಿಲ್ಲ. ಲಿನಕ್ಸಿನ ಪರವಾಗಿ ಕರಾರಿಗೆ ಸಹಿ ಹಾಕಿ ಬೀಗದ ಕೈ ಪಡೆಯುವುದಕ್ಕೆ ಒಡೆಯನೆಂಬವನೇ ಅಲ್ಲಿ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಪರಿಚಯವಾದ, ಹೆಸರು ಹೇಳದ ಇನ್ನಿಬ್ಬರೊಡನೆ ಅವನು ಕೆಲಸಕ್ಕೆ ಕೈಹಾಕಿದ. ಡಿ.ವಿ.ಡಿ. ನುಡಿಸುವ ಒಂದು ಪ್ರೋಗ್ರಾಮಿನಲ್ಲಿ ಬೀಗದ ಕೈಯನ್ನು ಸರಿಯಾಗಿ ಬಚ್ಚಿಡುವುದನ್ನು ಅದರ ಕಂಪೆನಿಯವರು ಮರೆತಿದ್ದರು. ಅದು ಇವರ ಕೈಗೆ ಸಿಕ್ಕಿತು. 1999ರ ಅಕ್ಟೋಬರಿನಲ್ಲಿ ಯೊಹಾನ್ಸನ್ ‘ಡಿ-ಸಿ.ಎಸ್.ಎಸ್.’ ಎಂಬ ಪುಟ್ಟ ಪ್ರೋಗ್ರಾಮನ್ನು ಲೋಕಕ್ಕೆ ಬಿಟ್ಟ.

ಒಂದು ಕೈ ಕಳೆದುಹೋದರೆ ಆ ಕೈಯನ್ನಷ್ಟೇ ರದ್ದುಮಾಡಿ ಮುಂದಿನ ತಟ್ಟೆಗಳನ್ನು ಮಾಡಬಹುದು ಎಂಬುದು ಬೀಗ ಮಾಡಿದವರ ಲೆಕ್ಕಾಚಾರವಾಗಿತ್ತು. ಆದರೆ ಬೀಗವೇ ದುರ್ಬಲ. ಕೈಯ ಉದ್ದ 40 ಬಿಟ್ಟುಗಳು ಮಾತ್ರ. ಎಂದರೆ ಒಂದು ಲಕ್ಷ ಕೋಟಿಯಷ್ಟು ಸಾಧ್ಯತೆಗಳು. ನಮಗೆ ಇದು ದೊಡ್ಡ ಸಂಖ್ಯೆ, ಕಂಪ್ಯೂಟರಿಗಲ್ಲ. ಅದೇ ವರ್ಷ ಫ್ರಾಂಕ್ ಸ್ಟೀವನ್ಸನ್ ಎಂಬವರು ಈ ಗೂಢಲಿಪಿಯ ರಚನೆಯಲ್ಲಿಯೇ ಇದ್ದ ದೋಷವನ್ನು ಬಿಡಿಸಿಟ್ಟು, ಅಷ್ಟೂ ಸಾಧ್ಯತೆಗಳನ್ನು ಹುಡುಕುವ ಗೋಜೇ ಇಲ್ಲದೆ ಸಾಧಾರಣ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಕೈಯನ್ನು ಕಂಡುಹಿಡಿಯಬಹುದೆಂದು ತೋರಿಸಿದರು. ಅಲ್ಲಿಗೆ ಬೀಗ ಬರಿಯ ಆಕಾರವಾಗಿ ಉಳಿಯಿತು. ಆದರೆ ಆ ಆಕಾರಕ್ಕೆ ಕಾನೂನಿನ ಕಾವಲು ಮೊದಲೇ ಬಂದಿತ್ತು. 1998ರಲ್ಲಿ ಅಮೆರಿಕ ಮಾಡಿದ ಶಾಸನದ ಪ್ರಕಾರ ಬೀಗ ಒಡೆಯುವ ಸಾಧನವನ್ನು ಹಂಚುವುದೇ ಅಪರಾಧ; ಒಡೆದು ಏನು ಮಾಡಿದೆ ಎಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಎಡೆಯಿಲ್ಲ.

2000ದ ಜನವರಿಯಲ್ಲಿ ಪೊಲೀಸರು ಯೊಹಾನ್ಸನ್ನನ ಮನೆಯನ್ನು ಶೋಧಿಸಿ ಕಂಪ್ಯೂಟರುಗಳನ್ನು ಹೊತ್ತುಕೊಂಡು ಹೋದರು. ಪರರ ದತ್ತಾಂಶಕ್ಕೆ ಕನ್ನ ಹಾಕಿದನೆಂಬುದು ಆರೋಪ. ಆಸ್ಲೊ ನಗರದ ನ್ಯಾಯಾಲಯ 2003ರ ಜನವರಿ 7ರಂದು ಅವನು ನಿರ್ದೋಷಿಯೆಂದು ತೀರ್ಪು ಕೊಟ್ಟಿತು. ನ್ಯಾಯವಾಗಿ ಕೊಂಡ ತಟ್ಟೆಯೊಳಗಿನ ಚಿತ್ರ ಕೊಂಡವನಿಗೆ ಪರರ ದತ್ತಾಂಶವಲ್ಲ ಎಂಬುದು ಆ ತೀರ್ಪಿನ ತಿರುಳು. ಸರ್ಕಾರ ಮೇಲ್ಮನವಿ ಹೋಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಯೂ ಸೋತು, ಮುಂದಿನ ತಿಂಗಳು ಕೈಬಿಟ್ಟಿತು. ಹಿಡಿದಾಗ ಹದಿನಾರರ ಹುಡುಗ, ಬಿಟ್ಟಾಗ ಇಪ್ಪತ್ತರ ತರುಣ.

ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ‘2600’ ಎಂಬ ಪತ್ರಿಕೆಯವರು ಆ ಪ್ರೋಗ್ರಾಮನ್ನು ಇಂಟರ್ನೆಟ್ಟಿನಲ್ಲಿ ಪ್ರಕಟಿಸಿದ್ದರು. ಎಂಟು ಚಿತ್ರಸಂಸ್ಥೆಗಳು ಸೇರಿ ಅವರ ಮೇಲೆ ಮೊಕದ್ದಮೆ ಹೂಡಿದವು. ನ್ಯಾಯಾಧೀಶ ಲೂಯಿಸ್ ಕಪ್ಲನ್ 2000ದ ಆಗಸ್ಟ್ 17ರಂದು, ಪ್ರೋಗ್ರಾಮನ್ನು ಪ್ರಕಟಿಸಕೂಡದು, ಅದು ಇಂಥಲ್ಲಿ ದೊರೆಯುತ್ತದೆಂದು ತಿಳಿದೂ ದಾರಿ ತೋರಿಸಕೂಡದು ಎಂದು ಆಜ್ಞೆ ಮಾಡಿದರು. 2001ರ ನವೆಂಬರಿನಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಾಗಾದರೆ ಪ್ರೋಗ್ರಾಮು ಎಂಬುದು ಬರಹವೇ, ಯಂತ್ರವೇ? ಬರಹವಾದರೆ ಅದನ್ನು ತಡೆಯುವುದು ಹೇಗೆ? ಈ ಪ್ರಶ್ನೆಯನ್ನು ವಕೀಲರಿಗಿಂತ ಚೆನ್ನಾಗಿ ಕೇಳಿದವರು ಕಿಡಿಗೇಡಿಗಳು. ಕೆಲವರು ಅದನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ತೊಟ್ಟು ತಿರುಗಿದರು. ಒಬ್ಬರು ಅದರ ವಿಧಾನವನ್ನೆಲ್ಲ ಜಪಾನಿನ ಹೈಕು ಪದ್ಯಗಳಾಗಿ ಬರೆದರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟೂರೆಟ್ಸ್ಕಿ ಎಂಬ ಪಂಡಿತರು ಇಂಥ ರೂಪಾಂತರಗಳನ್ನೆಲ್ಲ ಸಂಗ್ರಹಿಸಿ ಪ್ರದರ್ಶನಕ್ಕಿಟ್ಟರು. 2001ರಲ್ಲಿ ಫಿಲ್ ಕಾರ್ಮೊಡಿ ಎಂಬ ಗಣಿತಪ್ರಿಯರು ಒಂದು ಅವಿಭಾಜ್ಯ ಸಂಖ್ಯೆಯನ್ನು ಹುಡುಕಿ ತೆಗೆದರು. 1,401 ಅಂಕಿಗಳ ಆ ಸಂಖ್ಯೆಯನ್ನು ಕಂಪ್ಯೂಟರಿಗೆ ತಕ್ಕ ರೂಪಕ್ಕೆ ತಿರುಗಿಸಿ ಬಿಡಿಸಿದರೆ ಬೀಗ ತೆಗೆಯುವ ಪ್ರೋಗ್ರಾಮೇ ಹೊರಬರುತ್ತಿತ್ತು. ಎರಡು, ಮೂರು, ಐದು, ಏಳರ ಕುಲದಲ್ಲಿ ಹುಟ್ಟಿದ ಸಂಖ್ಯೆಯೊಂದು ಕಾನೂನುಬಾಹಿರವಾಗಬಹುದೇ ಎಂಬ ಚರ್ಚೆಗೆ ಭಾಸ್ಕರಾಚಾರ್ಯನಾಗಿದ್ದರೂ ತಲೆ ತುರಿಸಿಕೊಳ್ಳುತ್ತಿದ್ದ.

ಈ ಮೊಕದ್ದಮೆಗಳು ನಡೆಯುತ್ತಿದ್ದಾಗಲೇ ಬರೆಯುವ ಯಂತ್ರಗಳು ಅಗ್ಗವಾಗುತ್ತಿದ್ದವು. ಡಿ.ವಿ.ಡಿ. ಬರೆಯುವ ಪಯೋನಿಯರ್ ಕಂಪೆನಿಯ ಯಂತ್ರ 2001ರಲ್ಲಿ ಸಾವಿರ ಡಾಲರಿನೊಳಗೆ ಬಂತು. ಅದೇ ವರ್ಷ ಆಪಲ್ ಕಂಪ್ಯೂಟರಿನೊಳಗೂ ಕುಳಿತಿತು. ಮಿಸ್ಸೂರಿಯ ‘321 ಸ್ಟೂಡಿಯೋಸ್’ ಎಂಬ ಕಂಪೆನಿ ಡಿ.ವಿ.ಡಿ. ಪ್ರತಿಮಾಡುವ ಪ್ರೋಗ್ರಾಮನ್ನು ಪೆಟ್ಟಿಗೆಯಲ್ಲಿಟ್ಟು ಅಂಗಡಿಗಳಲ್ಲಿ ರಾಜಾರೋಷವಾಗಿ ಮಾರಿತು. ಅದರ ಕಥೆ ದೀರ್ಘವಲ್ಲ: 2004ರ ಫೆಬ್ರವರಿಯಲ್ಲಿ ನ್ಯಾಯಾಲಯ ಮಾರಾಟ ನಿಲ್ಲಿಸೆಂದಿತು, ಆಗಸ್ಟಿನಲ್ಲಿ ಕಂಪೆನಿ ಬಾಗಿಲು ಹಾಕಿತು. ಮಾರುವವನು ಹೋದ, ಬಿಟ್ಟಿಯಾಗಿ ಕೊಡುವವರು ಉಳಿದರು. ‘ಡಿ.ವಿ.ಡಿ. ಶ್ರಿಂಕ್’ ಎಂಬ ಉಚಿತ ಪ್ರೋಗ್ರಾಮಿನ ಹೆಸರನ್ನು ಕೇಳದ ಕಂಪ್ಯೂಟರ್ ಹುಡುಗರು ಆಗ ಇರಲಿಲ್ಲ.

ಅದರ ಕೆಲಸವೇ ಬೇರೊಂದು ಸೊಗಸು. ಅಂಗಡಿಯ ಡಿ.ವಿ.ಡಿ.ಯಲ್ಲಿ ಸಾಮಾನ್ಯವಾಗಿ ಎರಡು ಪದರಗಳು, 8.5 ಗಿಗಾಬೈಟಿನ ಜಾಗ. ನಮಗೆ ದೊರೆಯುವ ಖಾಲಿ ತಟ್ಟೆ ಒಂದೇ ಪದರದ್ದು. ಸೇರನ್ನು ಅಚ್ಚೇರಿಗಿಂತ ಸ್ವಲ್ಪ ದೊಡ್ಡ ಪಾತ್ರೆಯಲ್ಲಿ ಹಿಡಿಸಬೇಕು. ಮೊದಲು ಜಾಹೀರಾತುಗಳನ್ನು ತೆಗೆ, ಬೇಡದ ಭಾಷೆಯ ಧ್ವನಿಗಳನ್ನು ತೆಗೆ, ಇನ್ನೂ ಮಿಕ್ಕರೆ ಚಿತ್ರವನ್ನೇ ಸ್ವಲ್ಪ ಹಿಂಡು. ನನ್ನ ಹಳೆಯ ಕಂಪ್ಯೂಟರು ಇದಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು. ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗಿದರೆ ಬೆಳಗಿನ ಕಾಫಿಯ ಹೊತ್ತಿಗೆ ಹದ ಬಂದಿರುತ್ತಿತ್ತು, ದೋಸೆ ಹಿಟ್ಟಿನಂತೆ. ಆಮೇಲೆ ಬರೆಯುವುದು. ಕೊನೆಗೆ ತಟ್ಟೆಯ ಮೇಲೆ ಮಾರ್ಕರ್ ಪೆನ್ನಿನಿಂದ ಚಿತ್ರದ ಹೆಸರು. ಈ ಕೊನೆಯ ಬರಹಕ್ಕೆ ನಮ್ಮ ಮನೆಯಲ್ಲಿ ನನ್ನ ಮಗಳೇ ಲಿಪಿಕಾರ್ತಿ.

ನಮ್ಮ ದೇಶದ ಕಥೆಗೆ ಬರುತ್ತೇನೆ. ಇಲ್ಲಿ ಈ ಕಥೆಯ ನಾಯಕ ಬೀಗವಲ್ಲ, ಬೆಲೆ. ದೆಹಲಿಯಲ್ಲಿ 1983ರಲ್ಲಿ ಹುಟ್ಟಿದ ಮೋಸರ್ ಬೇಯರ್ ಎಂಬ ಕಂಪೆನಿ ಮೊದಲು ಕಚೇರಿಯ ಹಾಜರಿ ಗಡಿಯಾರದ ಯಂತ್ರಗಳನ್ನೂ, ಆಮೇಲೆ ಫ್ಲಾಪಿಗಳನ್ನೂ ಮಾಡುತ್ತಿತ್ತು. 1999ರಿಂದ ಖಾಲಿ ಸೀಡಿಗಳನ್ನು ಮಾಡತೊಡಗಿ, ಕೆಲವೇ ವರ್ಷಗಳಲ್ಲಿ ಲೋಕದ ಅತಿ ದೊಡ್ಡ ತಟ್ಟೆ ತಯಾರಕರ ಸಾಲಿನಲ್ಲಿ ನಿಂತಿತು. ಅಮೆರಿಕದ ಗೃಹಸ್ಥನು ಬೀಗ ಒಡೆದು ಬರೆದ ತಟ್ಟೆಗಳಲ್ಲಿ ನೋಯ್ಡಾದ ತಟ್ಟೆಗಳೂ ಇದ್ದಿರಬೇಕು. 2007ರಲ್ಲಿ ಅದೇ ಕಂಪೆನಿ ಸಿನಿಮಾಗಳ ಹಕ್ಕುಗಳನ್ನು ಕೊಂಡು, ಅಚ್ಚೊತ್ತಿದ ಅಸಲು ವೀಸೀಡಿಯನ್ನು 28 ರೂಪಾಯಿಗೂ, ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಾಟಕ್ಕಿಟ್ಟಿತು. ಆವರೆಗೆ ಅಸಲು ತಟ್ಟೆಗೆ ನೂರಿನ್ನೂರು ರೂಪಾಯಿ ತೆರಬೇಕಾಗಿದ್ದವನಿಗೆ ಇದು ಹಬ್ಬ. ಕಿರಾಣಿ ಅಂಗಡಿಯ ಬಾಗಿಲಲ್ಲಿ, ಶಾಂಪೂ ಚೀಟಿಗಳ ಪಕ್ಕದಲ್ಲಿ ಸಿನಿಮಾ ತೂಗಾಡುವುದನ್ನು ನಾನು ಆಗಲೇ ಕಂಡದ್ದು. ನಾನು ಪ್ರತಿಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದೂ ಆಗಲೇ: ಖಾಲಿ ತಟ್ಟೆ, ವಿದ್ಯುತ್ತು, ಒಂದು ರಾತ್ರಿಯ ನಿದ್ದೆ ಇವುಗಳ ಲೆಕ್ಕ ಹಾಕಿದರೆ 34 ರೂಪಾಯಿ ಹೆಚ್ಚಲ್ಲ. ಆ ಕಂಪೆನಿಯೂ ಉಳಿಯಲಿಲ್ಲ. ತಟ್ಟೆಗಳ ಕಾಲ ಮುಗಿದು, ಸಾಲದಲ್ಲಿ ಮುಳುಗಿ, 2018ರಲ್ಲಿ ಅದರ ಆಸ್ತಿಯನ್ನು ವಿಲೇವಾರಿ ಮಾಡುವಂತೆ ಆಜ್ಞೆಯಾಯಿತು.

ಕಾನೂನಿನ ವಿಷಯದಲ್ಲಿ ನಮ್ಮವರು ಅಮೆರಿಕದವರಿಗಿಂತ ವಿವೇಕದಿಂದ ನಡೆದರೆಂದು ನನ್ನ ಭಾವನೆ. 1957ರ ಕೃತಿಸ್ವಾಮ್ಯ ಶಾಸನಕ್ಕೆ 2012ರಲ್ಲಿ ಮಾಡಿದ ತಿದ್ದುಪಡಿಯಲ್ಲಿ 65ಎ ಎಂಬ ಕಲಮು ಸೇರಿತು. ಬೀಗ ಒಡೆಯುವುದಕ್ಕೆ ಅದರಲ್ಲಿ ಎರಡು ವರ್ಷಗಳವರೆಗೆ ಸೆರೆವಾಸವಿದೆ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದಿರಬೇಕು. ಶಾಸನ ನಿಷೇಧಿಸದ ಕೆಲಸಕ್ಕಾಗಿ ಒಡೆದರೆ ಅಪರಾಧವಲ್ಲ. ಬೀಗಕ್ಕಿಂತ ಬೀಗ ಒಡೆದವನ ಮನಸ್ಸನ್ನು ನೋಡು ಎಂದಂತಾಯಿತು. ಕರ್ನಾಟಕ ಸರ್ಕಾರ ಇನ್ನೊಂದು ಕೊನೆಗೆ ಹೋಯಿತು. ಗೂಂಡಾಗಳನ್ನೂ ಕಳ್ಳಭಟ್ಟಿಯವರನ್ನೂ ವಿಚಾರಣೆಗೆ ಮುಂಚೆಯೇ ಬಂಧಿಸಿಡಲು ಇದ್ದ 1985ರ ಕಾಯಿದೆಯೊಳಕ್ಕೆ 2014ರಲ್ಲಿ ವೀಡಿಯೊ ಮತ್ತು ಆಡಿಯೊ ನಕಲುಗಾರರನ್ನೂ ಸೇರಿಸಿತು. ಚಿತ್ರ ತೆರೆಗೆ ಬಂದ ದಿನವೇ ನಕಲಿ ಮಾರುವವನಿಂದ ನಿರ್ಮಾಪಕನ ಮನೆ ಹಾಳಾಗುವುದು ನಿಜ. ಆದರೂ ಆಸಿಡ್ ಎರಚುವವನೊಂದಿಗೆ ಅವನನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು ನನಗೆ ಸರಿ ಕಾಣಲಿಲ್ಲ. ಅದೂ ಅಲ್ಲದೆ, ಆ ಕಾಯಿದೆ ಬರುವಷ್ಟರಲ್ಲಿ ನಕಲುಗಾರನು ತಟ್ಟೆಯನ್ನು ಬಿಟ್ಟು ಫೋನಿನೊಳಕ್ಕೆ ಹೋಗತೊಡಗಿದ್ದ.

ಹೀಗೆ ಬೀಗವೂ ಮುಗಿಯಿತು, ತಟ್ಟೆಯೂ ಮುಗಿಯಿತು ಎಂದು ಬಿಡಬಹುದಾಗಿತ್ತು. ಬಿಡಲಾಗದುದಕ್ಕೆ ಕಾರಣವಿದೆ.

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ಮಾತಿನ ಚಿತ್ರ. ಆ ದಿನವನ್ನು ನಾವು ಇಂದಿಗೂ ನೆನೆಯುತ್ತೇವೆ. ಆ ಚಿತ್ರದ ಒಂದು ಪ್ರತಿಯೂ ನಮ್ಮಲ್ಲಿ ಉಳಿದಿಲ್ಲ. ಸುಬ್ಬಯ್ಯನಾಯ್ಡು, ತ್ರಿಪುರಾಂಬ ಅವರ ಮಾತು ಹೇಗಿತ್ತೆಂದು ಕೇಳಬೇಕಾದರೆ ಇನ್ನು ಸಾಧ್ಯವಿಲ್ಲ. ಪುಣೆಯಲ್ಲಿ 2003ರ ಜನವರಿಯಲ್ಲಿ ಬಿದ್ದ ಬೆಂಕಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಹಳೆಯ ನೈಟ್ರೇಟ್ ರೀಲುಗಳು ಸಾವಿರಗಟ್ಟಲೆ ಉರಿದುಹೋದವು. ಚಿತ್ರಗಳು ಅಳಿಯುವುದು ಪ್ರತಿಗಳು ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಓಲೆಗರಿಯ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಗೆದ್ದಲು, ತೇವ, ಬೆಂಕಿ ಇವುಗಳ ಕೈಗೆ ಸಾವಿರವೂ ಒಂದೇ ಸಲ ಸಿಗುವುದಿಲ್ಲ.

ನಾನು ಮೊನ್ನೆ ಮೊನ್ನೆ ನನ್ನ ಹಳೆಯ ತಟ್ಟೆಗಳನ್ನೆಲ್ಲ ಕೆಳಗಿಳಿಸಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ತಟ್ಟೆ ಇಡುವ ಬಾಯಿಯೇ ಇಲ್ಲವಾದುದರಿಂದ ಹೊರಗಿನಿಂದ ಸಿಕ್ಕಿಸುವ ಒಂದು ಡ್ರೈವನ್ನು ಕೊಂಡುತಂದು ಒಂದೊಂದಾಗಿ ಓದಿಸಿದೆ. ಅಚ್ಚೊತ್ತಿದ ತಟ್ಟೆಗಳು ಬಹುಮಟ್ಟಿಗೆ ಚೆನ್ನಾಗಿವೆ. ನಾನೇ ಬರೆದವುಗಳಲ್ಲಿ ನೆರಳಿನಲ್ಲಿ, ಒಣಗಿದ ಕಡೆ ಇದ್ದವು ಓದುತ್ತವೆ; ಕಿಟಕಿಯ ಪಕ್ಕದ ಕಪಾಟಿನವು ಓದುವುದಿಲ್ಲ. ಬೆಳಕು ಮತ್ತು ಸೆಕೆ ಆ ಬಣ್ಣದ ಲೇಪಕ್ಕೆ ಗೆದ್ದಲಿದ್ದಂತೆ. ಕೆಲವು ತಟ್ಟೆಗಳಲ್ಲಿ ಹೊರ ಅಂಚಿನ ಭಾಗ ಮಾತ್ರ ಸತ್ತಿದೆ. ಬರಹ ಒಳಗಿನಿಂದ ಹೊರಕ್ಕೆ ಹೋಗುವುದರಿಂದ, ಅಂಥ ಚಿತ್ರಗಳಲ್ಲಿ ಕಡೆಯ ಹೊಡೆದಾಟವೂ ಮದುವೆಯೂ ಇಲ್ಲ.

ಇನ್ನೊಂದು ಮಾತು. ನಮ್ಮ ಶಾಸನದ ಪ್ರಕಾರ ಸಿನಿಮಾದ ಕೃತಿಸ್ವಾಮ್ಯ ಅದು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ. 1954ರ ‘ಬೇಡರ ಕಣ್ಣಪ್ಪ’ 2014ರ ಕೊನೆಗೆ ಆ ಅವಧಿಯನ್ನು ಮುಗಿಸಿತು. 1960ರ ‘ರಣಧೀರ ಕಂಠೀರವ’ 2020ರ ಕೊನೆಗೆ. ಆ ಚಿತ್ರಗಳು ಈಗ ಎಲ್ಲರವು. ಆದರೆ ಡಿ.ವಿ.ಡಿ.ಯ ಬೀಗಕ್ಕೆ ತಾರೀಖು ಗೊತ್ತಿಲ್ಲ. ಕಾನೂನಿನ ಹಕ್ಕು ತೀರಿದ ದಿನ ತಾನಾಗಿ ತೆರೆದುಕೊಳ್ಳುವ ಏರ್ಪಾಡನ್ನು ಅದರಲ್ಲಿ ಯಾರೂ ಇಟ್ಟಿಲ್ಲ. ಮನೆಯಲ್ಲಿ ಯಾರಾದರೂ ಬೀಗ ತೆಗೆದು ಪ್ರತಿಮಾಡಿದ್ದರೆ ಉಂಟು. ಇಲ್ಲವಾದರೆ ತಟ್ಟೆ ಇರುವಷ್ಟು ದಿನ, ಅದನ್ನು ಓದುವ ಯಂತ್ರ ಇರುವಷ್ಟು ದಿನ.

ಅಮೆರಿಕದವರಿಗೂ ಇದು ತಡವಾಗಿ ಹೊಳೆಯಿತು. 1998ರ ಆ ಶಾಸನಕ್ಕೆ ಮೂರು ವರ್ಷಕ್ಕೊಮ್ಮೆ ವಿನಾಯಿತಿಗಳನ್ನು ಕೊಡುವ ಅಧಿಕಾರ ಅಲ್ಲಿನ ಕಾಂಗ್ರೆಸ್ಸಿನ ಗ್ರಂಥಪಾಲರಿಗೆ ಉಂಟು. ಯೊಹಾನ್ಸನ್ನನ ಪ್ರೋಗ್ರಾಮು ಬಂದು ಇಪ್ಪತ್ತೆರಡು ವರ್ಷಗಳಾದ ಮೇಲೆ, 2021ರಲ್ಲಿ, ಗ್ರಂಥಾಲಯಗಳೂ ಸಂಗ್ರಹಾಲಯಗಳೂ ತಮ್ಮಲ್ಲಿರುವ ಡಿ.ವಿ.ಡಿ. ಕೆಡುತ್ತಿದ್ದು ಪೇಟೆಯಲ್ಲಿ ಬೇರೆ ಪ್ರತಿ ನ್ಯಾಯವಾದ ಬೆಲೆಗೆ ದೊರೆಯದಿದ್ದರೆ, ಬೀಗ ತೆಗೆದು ಪ್ರತಿಮಾಡಿಕೊಳ್ಳಬಹುದೆಂದು ಅಪ್ಪಣೆಯಾಯಿತು. ಮೂರು ವರ್ಷಗಳ ಮಟ್ಟಿಗೆ. ಆಮೇಲೆ ಮತ್ತೆ ಅರ್ಜಿ ಹಾಕಬೇಕು.